ನನ್ನ ಹೆಸರಿನ ಡಬ್ಬಿ, ಭಾಮೈದನ ಹೊಟ್ಟೆ

ಇಂದ:
ಲಿಫ್ಟ್ ತಪಾಸಣೆಗಾರ, ವಯಸ್ಸು ಐವತ್ತೆಂಟು,
ಮೂರನೇ ಮಹಡಿ, ಬಲಗಡೆಯ ಮನೆ.

ಗೆ:
ಮುಖ್ಯಾಧಿಕಾರಿಗಳು,
ಕರುಳಿನ ಕ್ಯಾನ್ಸರ್ ತಪಾಸಣೆ ಹಾಗೂ ಅಪಾಯ ಅಂದಾಜು ವಿಭಾಗ.

ವಿಷಯ: ನನ್ನ ಹೆಸರಿನಲ್ಲಿ ಸಲ್ಲಿಕೆಯಾದ ಮಲದ ಮಾಲೀಕತ್ವವನ್ನು ತಿದ್ದುಪಡಿ ಮಾಡುವ ಬಗ್ಗೆ.

ಉಲ್ಲೇಖ: ೧) ನನಗೆ 'ಅಪಾಯ ಹೆಚ್ಚು' ಎಂದು ತಿಳಿಸಿದ ತಮ್ಮ ಪತ್ರ.
೨) ಅದನ್ನು ಓದಿ ನನ್ನ ಹೆಂಡತಿ ಅತ್ತದ್ದು.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಪ್ಪೊಪ್ಪಿಕೊಳ್ಳುವುದೇನೆಂದರೆ:

೧. ತಾವು ಎರಡು ವರ್ಷಕ್ಕೊಮ್ಮೆ ಅಂಚೆಯಲ್ಲಿ ಕಳಿಸುವ ಪುಟ್ಟ ಡಬ್ಬಿ ಈ ಸಲವೂ ಬಂತು. ಕಡ್ಡಿಯಿಂದ ಮಲವನ್ನು ಸ್ವಲ್ಪ ಕೆರೆದು, ಡಬ್ಬಿಗೆ ಹಾಕಿ, ಹತ್ತು ದಿನದೊಳಗೆ ವಾಪಸು ಕಳಿಸಬೇಕು. ಒಂಬತ್ತನೆಯ ದಿನದವರೆಗೂ ನಾನು ಮುಂದೂಡಿದೆ. ಆಮೇಲೆ ಮುಂದೂಡುವ ಕೆಲಸವನ್ನು ಹೊಟ್ಟೆಯೇ ವಹಿಸಿಕೊಂಡಿತು. ಪ್ರೆಸ್ಸಿನಲ್ಲಿ ಪ್ರೂಫ್ ತಿದ್ದುವ ನನ್ನ ಹೆಂಡತಿ ಬಾಗಿಲಾಚೆ ನಿಂತು "ಆಯ್ತಾ?" ಎನ್ನುತ್ತಿದ್ದಳು. ಹಾಗೆ ಕೇಳಿದರೆ ಆಗುವುದೂ ಆಗುವುದಿಲ್ಲ.

೨. ಆದಕಾರಣ, ಮೇಲಿನ ಮಹಡಿಯಲ್ಲಿರುವ ಆಕೆಯ ತಮ್ಮನನ್ನು, ಅಂದರೆ ನನ್ನ ಭಾಮೈದನನ್ನು, ಗುಟ್ಟಾಗಿ ಕಂಡೆ. ಶಾಲೆಯ ವ್ಯಾನ್ ಓಡಿಸುವ ಸದರಿಯವರ ಹೊಟ್ಟೆ ಗಡಿಯಾರದಷ್ಟು ಕರಾರುವಾಕ್ಕು. ತಮ್ಮಿಂದ ಅವನಿಗೂ ಡಬ್ಬಿ ಬಂದಿತ್ತು. ಅದರಲ್ಲಿ ಅವನು ಮೊಳೆ ಇಟ್ಟುಕೊಂಡಿದ್ದ.

"ಒಂದು ಉಪಕಾರ ಆಗ್ಬೇಕಿತ್ತು ಕಣೋ" ಎಂದೆ.

ವಿಷಯ ಕೇಳಿ ಅವನು ನನ್ನ ಮುಖವನ್ನೇ ನೋಡಿದ. "ಇಪ್ಪತ್ತಾರು ವರ್ಷದಲ್ಲಿ ನನ್ನ ಹತ್ರ ಮೊದಲ್ನೇ ಸಲ ಏನೋ ಕೇಳ್ತಿದೀರ ಭಾವ. ಅದೂ ಇದಾ?"

ಆದರೂ ಕೊಟ್ಟ. ಧಾರಾಳಿ.

೩. ತದನಂತರ ತಮ್ಮ ಪತ್ರ ಬಂತು. ಹೋದ ಸಲ ನನ್ನ ಮಲದಲ್ಲಿ ರಕ್ತದ ಅಂಶ ಎರಡು, ಈ ಸಲ ಅರವತ್ತೊಂದು. ಇದು ತಮ್ಮ ಮಿತಿಯೊಳಗೇ ಇದ್ದರೂ ವಯಸ್ಸು, ಲಿಂಗ, ಹಿಂದಿನ ಫಲಿತಾಂಶ ಎಲ್ಲ ಸೇರಿಸಿ ಲೆಕ್ಕ ಹಾಕುವ ತಮ್ಮ ಕಂಪ್ಯೂಟರು, ಎರಡರಿಂದ ಅರವತ್ತೊಂದಕ್ಕೆ ಹಾರಿದ್ದು ಲಕ್ಷಣವಲ್ಲವೆಂದು ತೀರ್ಮಾನಿಸಿ, ಕರುಳಿಗೆ ಕ್ಯಾಮೆರಾ ಇಳಿಸಿ ನೋಡಬೇಕೆಂದಿತು. ಹಾರಿದ್ದು ಒಂದು ಹೊಟ್ಟೆಯಿಂದ ಇನ್ನೊಂದು ಹೊಟ್ಟೆಗೆ ಎಂದು ಅದಕ್ಕೇನು ಗೊತ್ತು?

೪. ಈಗ ನಾಚಿಕೆಯ ಅಂಶ. ನಾನು ಕೂಡಲೇ ಬಾಯಿ ಬಿಡಲಿಲ್ಲ. ಹೆಂಡತಿ ಅತ್ತಳು, ಆಮೇಲೆ ತೀರಾ ಮೃದುವಾದಳು. ನನ್ನ ಮಾತಿನಲ್ಲಿ ತಪ್ಪು ಹುಡುಕುವುದನ್ನು ಬಿಟ್ಟಳು. ಸಂಜೆ ಪಕ್ಕದಲ್ಲಿ ಕೂತು ಕೈ ಹಿಡಿದುಕೊಳ್ಳುತ್ತಿದ್ದಳು. ಮಾನ್ಯರೇ, ಆ ಕೈಯನ್ನು ನಾನು ಐದು ದಿನ ಬಿಡಲಿಲ್ಲ. ಆ ಐದೂ ದಿನ ಮೇಲಿನ ಮಹಡಿಯಲ್ಲಿ ಅವಳ ತಮ್ಮ ಶಿಳ್ಳೆ ಹಾಕಿಕೊಂಡು ಓಡಾಡುತ್ತಿದ್ದ. ಶಿಳ್ಳೆ ಕೇಳಿದಾಗಲೆಲ್ಲ ನಾನು ರೇಡಿಯೊ ಜೋರು ಮಾಡುತ್ತಿದ್ದೆ.

೫. ಆರನೆಯ ದಿನ ಅವನೇ ಇಳಿದು ಬಂದ. ಅಕ್ಕ ಪತ್ರದ ವಿಷಯ ಹೇಳಿದ್ದಳಂತೆ, ಕಣ್ಣು ಕೆಂಪಗಿತ್ತು. "ಭಾವ, ಆಸ್ಪತ್ರೆಗೆ ನಾನೇ ವ್ಯಾನಲ್ಲಿ ಕರ್ಕೊಂಡು ಹೋಗ್ತೀನಿ. ರಕ್ತ ಬೇಕಾ, ಕಿಡ್ನಿ ಬೇಕಾ, ನನ್ನದು ತಗೊಳ್ಳಿ" ಎಂದ. ಮಹಾನುಭಾವ ಪೂರ್ತಿ ಮರೆತೇಬಿಟ್ಟಿದ್ದ!

"ಅದು ನಿನ್ನದೇ ಕಣೋ" ಎಂದೆ.

"ಯಾವುದು?"

"ಡಬ್ಬಿಯಲ್ಲಿದ್ದದ್ದು."

ಅವನು ನಿಂತಲ್ಲೇ ಕುಳಿತ. ಅಡುಗೆಮನೆಯಲ್ಲಿ ನಲ್ಲಿ ನಿಂತಿತು, ಹೆಂಡತಿ ಕೇಳಿಸಿಕೊಂಡಿದ್ದಳು. ಬಂದು ಮೊದಲು ತಮ್ಮನ ತಲೆ ಸವರಿದಳು. ಆಮೇಲೆ ನನ್ನತ್ತ ತಿರುಗಿ, "ಎಷ್ಟು ದಿನದಿಂದ ಗೊತ್ತಿತ್ತು ನಿಮಗೆ?" ಎಂದು ಕೇಳಿದಳು. ಲಿಫ್ಟಿನ ಹಗ್ಗ ಸವೆದದ್ದು ಗೊತ್ತಿದ್ದೂ ಸಹಿ ಹಾಕಿದವರನ್ನು ನಾನು ಕೆಲಸದಿಂದ ತೆಗೆಸಿದ್ದೇನೆ.

೬. ಆಸ್ಪತ್ರೆಗೆ ಮೂವರೂ ಹೋದೆವು. "ಪೇಷೆಂಟ್ ಯಾರು?" ಎಂದರು ನರ್ಸಮ್ಮ. "ಪತ್ರ ಇವರದು, ಹೊಟ್ಟೆ ನಂದು" ಎಂದ ಭಾಮೈದ. ವಿವರ ಕೇಳಿದ ಮೇಲೆ ನರ್ಸಮ್ಮ ಪೆನ್ನು ಕೆಳಗಿಟ್ಟು, "ಪರೀಕ್ಷೇಲಿ ಕಾಪಿ ಹೊಡೆಯೋರನ್ನ ನೋಡಿದೀನಿ. ಈ ಪರೀಕ್ಷೇಲೂನಾ?" ಎಂದು ಡಾಕ್ಟರನ್ನು ಕರೆದರು. ಡಾಕ್ಟರು ನಗಲಿಲ್ಲ. ಅವನ ಹೆಸರಿಗೆ ಬೇರೆ ಚೀಟಿ ಬರೆದು ಒಳಗೆ ಕರೆದೊಯ್ದರು. ಕರುಳಿನ ಒಳಗೋಡೆಯಲ್ಲಿ ಒಂದು ಗಂಟು ಸಿಕ್ಕಿತು. ಅಲ್ಲೇ ಕತ್ತರಿಸಿ ತೆಗೆದರು. ವಾರ ಬಿಟ್ಟು ವರದಿ ಬಂದಾಗ, "ಇನ್ನೂ ಕ್ಯಾನ್ಸರ್ ಆಗಿರಲಿಲ್ಲ. ಆಗೋ ದಾರಿ ಹಿಡಿದಿತ್ತು" ಎಂದರು. ಭಾಮೈದ ಕಾರಿಡಾರಿನಲ್ಲಿ ನನ್ನನ್ನು ತಬ್ಬಿಕೊಂಡ. ಹೆಂಡತಿ ಅವನನ್ನು ಮಾತ್ರ ತಬ್ಬಿಕೊಂಡಳು.

೭. ಅವನ ಅರವತ್ತೊಂದನ್ನು ಅವನ ಹೆಸರಿನಲ್ಲೇ ಕಳಿಸಿದ್ದರೆ, ಹಿಂದಿನ ಫಲಿತಾಂಶವಿಲ್ಲದ ಕಾರಣ, 'ಮಿತಿಯೊಳಗಿದೆ, ಎರಡು ವರ್ಷ ಬಿಟ್ಟು ನೋಡೋಣ' ಎಂದಿರುತ್ತಿತ್ತಂತೆ ತಮ್ಮ ಕಂಪ್ಯೂಟರು. ಹಾಗೆಂದು ನನ್ನ ಮೋಸಕ್ಕೆ ಮನ್ನಣೆ ಕೇಳುತ್ತಿಲ್ಲ. ಕೇಳಲು ಹೋಗಿದ್ದೆ, ಆ ಸಾಲನ್ನು ಹೆಂಡತಿ ಕೆಂಪು ಶಾಯಿಯಲ್ಲಿ ಹೊಡೆದುಹಾಕಿದಳು.

ಆದ್ದರಿಂದ, ಅರವತ್ತೊಂದನ್ನು ನನ್ನ ಕಡತದಿಂದ ತೆಗೆದು ಭಾಮೈದನ ಕಡತಕ್ಕೆ ಸೇರಿಸಬೇಕಾಗಿಯೂ, ಇದರೊಂದಿಗೆ ಕಳಿಸಿರುವ ನನ್ನ ಸ್ವಂತದ್ದನ್ನು ಸ್ವೀಕರಿಸಬೇಕಾಗಿಯೂ ಪ್ರಾರ್ಥನೆ.

ಇನ್ನು ಮುಂದಾದರೂ ತಮ್ಮ ವಿಶ್ವಾಸಿ,
ಲಿಫ್ಟ್ ತಪಾಸಣೆಗಾರ

ಅಡಕಗಳು:
ಅ) ಡಬ್ಬಿ ಒಂದು (ಆಸ್ಪತ್ರೆಯವರು ಹೊಸದಾಗಿ ಕೊಟ್ಟದ್ದು). ಬಾಗಿಲು ತೆರೆದಿಟ್ಟೇ ತುಂಬಿಸಲಾಗಿದೆ. ಸಾಕ್ಷಿಯಾಗಿ ಹೆಂಡತಿಯ ಸಹಿ ಇದೆ.
ಆ) ಭಾಮೈದನ ಹೇಳಿಕೆ: "ಇನ್ನು ಯಾರಿಗೂ ಕೊಡಲ್ಲ."

ವಿಶೇಷ ಕೋರಿಕೆ: ಫಲಿತಾಂಶ ಚೆನ್ನಾಗಿದ್ದರೆ ದಯವಿಟ್ಟು ನನ್ನ ಹೆಂಡತಿಗೆ ಫೋನ್ ಮಾಡಿ, ನಾನು ಹೇಳಿದರೆ ಆಕೆ ಈಗ ನಂಬುವುದಿಲ್ಲ. ಚೆನ್ನಾಗಿಲ್ಲದಿದ್ದರೂ ಆಕೆಗೇ ಮಾಡಿ. ಅದನ್ನು ನನಗೆ ಆಕೆಯೇ ಹೇಳಲಿ.