ಐದು ವಾರದಿಂದ ಕೆಡದೇ ಇರುವ ಗ್ಯಾಸ್ ಗ್ರಿಲ್ ಅವರಿಗೆ

ಸದಾಶಿವ ಪೇಟೆ, ಪುಣೆ
ಭಾನುವಾರ, ೧೯ ಫೆಬ್ರುವರಿ ೧೯೮೪

ಶ್ರೀಮಾನ್ ಗ್ಯಾಸ್ ಗ್ರಿಲ್ ಅವರಿಗೆ,
ಎರಡು ಬರ್ನರುಗಳ ಕೆಳಗಿನ ಮನೆ, ಅಡಿಗೆಕೋಣೆಯ ಕಿಟಕಿಯ ಬದಿ.

ಮಾನ್ಯರೇ,

ತಮ್ಮ ಕ್ಷೇಮ ಕೇಳಿ ಪತ್ರ ಆರಂಭಿಸುವುದು ಸಂಪ್ರದಾಯವಾದರೂ, ಈಗಷ್ಟೇ ತಮ್ಮ ಮುಂದೆ ಮೊಣಕಾಲೂರಿ ಬಗ್ಗಿ ನೋಡಿ ಬಂದಿರುವುದರಿಂದ ತಾವು ಪರಮ ಕ್ಷೇಮದಿಂದಿದ್ದೀರಿ, ಎಡತುದಿಯಿಂದ ಬಲತುದಿಯವರೆಗೆ ತಮ್ಮ ಉರಿ ನೀಲಿಯಾಗಿ, ಒಂದು ಹಲ್ಲೂ ಉದುರದೆ ನಗುತ್ತಿದೆ ಎಂಬುದನ್ನು ಕಣ್ಣಾರೆ ಕಂಡು, ಈ ಕೆಳಗೆ ಸಹಿ ಮಾಡಿರುವ ಮಧುಕರ ಅಣ್ಣಿಗೇರಿ ಎಂಬ ನಾನು ತಮಗೆ ನಮಸ್ಕರಿಸಿ ಬಿನ್ನವಿಸಿಕೊಳ್ಳುವುದೇನೆಂದರೆ, ನನ್ನ ದೂರು ಇದೇ ಆಗಿದೆ. ತಾವು ಐದು ವಾರದಿಂದ ಒಮ್ಮೆಯೂ ಕೆಟ್ಟಿಲ್ಲ. ತಾವು ಕೆಡದೇ ಇರುವುದರಿಂದ ಎಪ್ಪತ್ನಾಲ್ಕು ವರ್ಷದ ನನ್ನ ತಾಯಿ ರಾಧಾಬಾಯಿ ಐದು ವಾರದಿಂದ ಬಿಸಿ ಅನ್ನ ಉಂಡಿಲ್ಲ.

ಒಂದೇ ಸೂರಿನ ಕೆಳಗಿದ್ದು ಕಾಗದ ಬರೆಯುವುದೇಕೆ ಎಂದು ತಾವು ಕೇಳಬಹುದು. ಮೂವತ್ತು ವರ್ಷ ಸರ್ಕಾರಿ ಕಚೇರಿಯಲ್ಲಿ ಮೇಲಿನವರಿಗೆ ವಿನಂತಿಯನ್ನೂ ಕೆಳಗಿನವರಿಗೆ ತಾಕೀತನ್ನೂ ಬರೆದು ಬರೆದು, ಬಾಯಿಂದ ಸರಿಯಾದ ಮಾತು ಹೊರಡಿಸುವ ಅಭ್ಯಾಸವೇ ನನಗೆ ತಪ್ಪಿಹೋಗಿದೆ. ಬಾಯಿಬಿಟ್ಟಾಗ ಹೊರಡುವುದು ಎಂಥ ಮಾತು ಎಂಬುದಕ್ಕೆ ತಾವೇ ಸಾಕ್ಷಿಯಾಗಿದ್ದೀರಿ, ಅದನ್ನು ಮುಂದೆ ನಿವೇದಿಸುತ್ತೇನೆ.

ತಾವು ನಮ್ಮ ಮನೆಗೆ ಬಿಜಯಂಗೈದದ್ದು ಆಚೆ ವರ್ಷದ ದೀಪಾವಳಿಗೆ. ಆರು ವರ್ಷ ಪಾಳಿ ಹಚ್ಚಿ ಗ್ಯಾಸಿನ ಕನೆಕ್ಷನ್ ಸಿಕ್ಕ ಸಂಭ್ರಮದಲ್ಲಿ ನಾನು ಕ್ಯಾಂಪ್ ಪೇಟೆಯವರೆಗೂ ಸೈಕಲ್ ತುಳಿದೆ. ಅಲ್ಲಿಯ ಅಂಗಡಿಯವನು ಮೇಲೆ ಎರಡು ಬರ್ನರು, ಕೆಳಗೆ ಅಂಚೆಪೆಟ್ಟಿಗೆಯಂಥ ತಮ್ಮ ಹೊಟ್ಟೆ ಇರುವ ಈ ಒಲೆಯನ್ನು ತೋರಿಸಿ, ತಮ್ಮೊಳಗೆ ಬ್ರೆಡ್ಡಿನ ಹೋಳು ತಳ್ಳಿ ಎರಡೂ ಮಗ್ಗುಲು ಕೆಂಪಗೆ ಮಾಡಿ ತೆಗೆದಾಗ, ಬ್ರೆಡ್ಡೆಂದರೆ ಜ್ವರದವರ ಊಟವೆಂದು ತಿಳಿದ ಮನೆತನದವನಾದ ನನಗೆ ನೆನಪಾದದ್ದು ಬದನೆಕಾಯಿ. ಧಾರವಾಡದ ಮನೆಯಲ್ಲಿ ಅವ್ವ ಕಟ್ಟಿಗೆ ಒಲೆಯ ಬೂದಿಯಲ್ಲಿ ಬದನೆಕಾಯಿ ಹುಗಿದು, ಸುಟ್ಟು, ಸಿಪ್ಪೆ ಸುಲಿದು ಬಜ್ಜಿ ಮಾಡುತ್ತಿದ್ದಳು. ಪುಣೆಗೆ ಬಂದ ಮೇಲೆ ಸೀಮೆಎಣ್ಣೆಯ ಸ್ಟೋವಿನ ಮೇಲೆ ಸುಟ್ಟದ್ದನ್ನು ಒಂದು ಸಲ ಬಾಯಿಗಿಟ್ಟು, "ಬಸ್ಸಿನ ವಾಸನಿ ಬರ್ತದ" ಎಂದು ತಾಟು ಸರಿಸಿದವಳು ಮತ್ತೆ ಕೇಳಿರಲಿಲ್ಲ. ತಮ್ಮನ್ನು ಕೊಂಡದ್ದು ಆಕೆಗಾಗಿ, ಆಕೆಯ ಒಂದು ಬಜ್ಜಿಗಾಗಿ ಎಂಬುದನ್ನು ತಮಗೆ ಈವರೆಗೆ ಯಾರೂ ಹೇಳಿರಲಿಕ್ಕಿಲ್ಲ.

ಅವ್ವ ತಮ್ಮನ್ನು ಕಂಡು ಗಾಬರಿಯಾಗಲಿಲ್ಲ, ಬೈಯಲೂ ಇಲ್ಲ. ಸುತ್ತ ಒಂದು ಪ್ರದಕ್ಷಿಣೆ ಬಂದು, ಒಂದೇ ಷರತ್ತು ಹಾಕಿದಳು. "ಒಲಿ ಅಂದಮ್ಯಾಲೆ ಒಲಿ. ದಿನಾ ಸಾರಿಸಬೇಕು. ಸಾರಿಸದ ಒಲಿ ಮ್ಯಾಲಿಂದು ನಾ ಉಣ್ಣಂಗಿಲ್ಲ ನೋಡು." ನನಗೂ ಅದು ಭಾಳ ಯೋಗ್ಯವೆನಿಸಿತು. ಅಗ್ನಿ ಎಲ್ಲಿದ್ದರೂ ಅಗ್ನಿಯೇ ತಾನೆ ಎಂದು ಶಾಸ್ತ್ರಿಗಳಂತೆ ತಲೆದೂಗಿ, ಮರುದಿನವೇ ಮಂಡಯಿ ಮಾರ್ಕೆಟ್ಟಿನ ಹತ್ತಿರದ ಅಂಗಡಿಯಿಂದ ಕೆಮ್ಮಣ್ಣು, ರಂಗೋಲಿ ಪುಡಿ ತಂದು ಆಕೆಯ ಮುಂದಿಟ್ಟವನು ನಾನೇ. ಅಂದಿನಿಂದ ದಿನಾಲು ಮಧ್ಯಾಹ್ನ ಊಟವಾಗಿ, ಮುಸುರೆ ತೆಗೆದು, ಎಲ್ಲರೂ ಅಡ್ಡಾದ ಮೇಲೆ ಅವ್ವ ತಮ್ಮ ಮುಂದೆ ಕೂತು, ಕೆಮ್ಮಣ್ಣು ಕಲಸಿದ ಅರಿವೆಯಿಂದ ತಮ್ಮ ಮೈ ಸಾರಿಸಿ, ಬರ್ನರಿನ ಬಾಯಿ ಸುತ್ತಿ, ತಮ್ಮ ಹೊಟ್ಟೆಯೊಳಗೂ ಕೈಹಾಕಿ ಮೂಲೆಮೂಲೆ ಬಳಿದು, ಮೇಲೆ ಎರಡೆಳೆ ರಂಗೋಲಿ ಎಳೆದು, ಸೊಸೆಯಾದ ನನ್ನ ಹೆಂಡತಿ ಅಂಬಾಬಾಯಿಯ ಕೈಯಿಂದ ಅರಿಷಿಣ ಕುಂಕುಮ ಏರಿಸುತ್ತಿದ್ದಳು. ಗ್ಯಾಸು ಬಂದ ಮೇಲೆ ಕಟ್ಟಿಗೆ ಇಲ್ಲ, ಇದ್ದಿಲು ಇಲ್ಲ, ಊದುವುದಿಲ್ಲ, ಕಣ್ಣೊರೆಸಿಕೊಳ್ಳುವುದಿಲ್ಲ. ಅಡಿಗೆಮನೆಯಲ್ಲಿ ಆಕೆಯದೆಂದು ಉಳಿದ ಕೆಲಸ ಅದೊಂದೇ ಆಗಿತ್ತು.

ಆ ಸೇವೆಗೆ ಪ್ರತಿಯಾಗಿ ತಾವು ಹದಿನಾಲ್ಕು ತಿಂಗಳಲ್ಲಿ ಹನ್ನೊಂದು ಸಲ ಕಾಯಿಲೆ ಬಿದ್ದಿರಿ. ಒಮ್ಮೆ ಉರಿ ಹಳದಿಯಾಗಿ ಪಾತ್ರೆಯ ತಳವೆಲ್ಲ ಕಾಡಿಗೆ. ಒಮ್ಮೆ ಎಡಗಡೆ ಉರಿದರೆ ಬಲಗಡೆ ಮುಷ್ಕರ. ಬದನೆಕಾಯಿಯ ಒಂದು ಮಗ್ಗುಲು ಇದ್ದಿಲು, ಇನ್ನೊಂದು ಮಗ್ಗುಲು ಈಗಷ್ಟೇ ಗಿಡದಿಂದ ಕಿತ್ತಂತೆ. ಮೊದಲು ಬಂದ ರಿಪೇರಿಯವನು ತಪ್ಪು ಸಿಲಿಂಡರಿನದೆಂದ, ಎರಡನೆಯವನು ರೆಗ್ಯುಲೇಟರಿನದೆಂದ, ಮೂರನೆಯವನು ಅವ್ವನ ಮಡಿ ಮುಗಿಯುವವರೆಗೆ ಹೊಸ್ತಿಲ ಹೊರಗೆ ಕಾಯಬೇಕಾಗಿ ಬಂದದ್ದಕ್ಕೆ ಮರಾಠಿಯಲ್ಲಿ ಏನೋ ಗೊಣಗಿ ಹೊರಟೇ ಹೋದ. ನಾನಂತೂ ತಮ್ಮನ್ನು ಹೆತ್ತ ಕಂಪನಿಗೆ ಹನ್ನೊಂದು ಪತ್ರ ಬರೆದೆ. ಏಳನೆಯದರಲ್ಲಿ 'ತಯಾರಿಕೆಯ ಜನ್ಮಜಾತ ದೋಷ' ಎಂಬ ಪದ ಹೊಳೆದು, ಅದನ್ನು ಆಫೀಸಿನಲ್ಲಿ ನಾಲ್ಕು ಜನಕ್ಕೆ ಓದಿ ತೋರಿಸಿದ್ದೆ. ಕುಣಿಯಲಾರದವ ನೆಲ ಡೊಂಕು ಅಂದನಂತೆ, ನಾನು ಸರ್ಕಾರಿ ಕಾಗದದ ಮೇಲೆ ಅಂದೆ, ಅಷ್ಟೇ ವ್ಯತ್ಯಾಸ.

ಈ ಸಲ ಸಂಕ್ರಾಂತಿಯ ಹಿಂದಿನ ಭೋಗಿಯ ದಿನ, ಸಜ್ಜೆ ರೊಟ್ಟಿ ತಟ್ಟಿಟ್ಟು ಬದನೆಕಾಯಿ ತಮ್ಮ ಹೊಟ್ಟೆಗೆ ತಳ್ಳುವ ಮುಹೂರ್ತಕ್ಕೆ ಸರಿಯಾಗಿ ತಾವು ಕೆಮ್ಮಿ, ಆರಿ, ಮೌನವ್ರತ ಹಿಡಿದಿರಿ. ಆಗ ಬಂದವನು ಮಹಾಲಿಂಗ. ಆಳಂದದ ಕಡೆಯವನು; ತಂದೆತಾಯಿ ಕಟ್ಟಡದ ಕೂಲಿಗೆಂದು ಪುಣೆಗೆ ಬಂದಾಗ ಜೊತೆಗೆ ಬಂದು, ಇಟ್ಟಿಗೆ ಬಿಟ್ಟು ನಟ್ಟು ತಿರುಗಿಸುವ ಪಾನಾ ಹಿಡಿದವನು, ಈಗ ನಲವತ್ತು ದಾಟಿದ ಗೃಹಸ್ಥ. ಹೊಸ್ತಿಲ ಹೊರಗೇ ನಿಂತು "ಒಲಿ ಹೊರಗ ಕೊಡ್ರಿ, ನಾ ಇಲ್ಲೇ ಕೂತು ನೋಡ್ತೀನ್ರಿ" ಎಂದು ಕನ್ನಡದಲ್ಲಿ ಅಂದದ್ದೇ ತಡ, ಅವ್ವ ಒಳಗಿನಿಂದ ಎದ್ದುಬಂದು, "ಯಾ ಊರಪಾ ನಿಮ್ಮದು?" ಎಂದು ಕೇಳುತ್ತ ಅವನೆದುರೇ ಗೋಡೆಗಾತು ಕೂತುಬಿಟ್ಟಳು.

ಅವನು ಮೊದಲು ಸಾಬೂನಿನ ನೀರು ಹಚ್ಚಿ ರಬ್ಬರಿನ ನಳಿ ಸೋರುವುದಿಲ್ಲವೆಂದು ನೋಡಿದ. ಆಮೇಲೆ ತಮ್ಮ ಬರ್ನರು ಬಿಚ್ಚಿ, ಸೋಡಾ ಹಾಕಿದ ಬಿಸಿನೀರಿನಲ್ಲಿ ನೆನೆಯಿಟ್ಟು, ತಮ್ಮ ಹೊಟ್ಟೆಯ ತೂತಿನ ಕೊಳವೆ ಹೊರಗೆಳೆದು ಕಾಗದದ ಮೇಲೆ ಕುಟ್ಟಿದ. ಉದುರಿತು ನೋಡಿ, ಮಾನ್ಯರೇ. ಗಟ್ಟಿಯಾದ ಕೆಮ್ಮಣ್ಣು, ಅದರ ನಡುವೆ ಬಿಳಿ ರಂಗೋಲಿ, ಹದಿನಾಲ್ಕು ತಿಂಗಳ ಪೂಜೆ ಪದರುಪದರಾಗಿ! ಅವನಿಗೆ ಒಂದೇ ನೋಟಕ್ಕೆ ಎಲ್ಲ ತಿಳಿಯಿತು. ತಿಳಿದರೂ ಅವನು ಅಂದದ್ದು ಇಷ್ಟೇ: "ಭಾಳ ಛಂದ ಸಾರಿಸೀರಿ ಅಮ್ಮಾ, ನಮ್ಮವ್ವನೂ ಹಿಂಗೇ ಸಾರಸ್ತಿದ್ಲು. ಆದ್ರ ಇದು ತೂತಿನ ಹೊಟ್ಟಿದು ಅದರಿ, ಮಣ್ಣು ತಡಕೊಳ್ಳಂಗಿಲ್ಲ. ಇದನ್ನ ಬಿಟ್ಟು ಕೆಳಗಿನ ಕಲ್ಲ ಸಾರಸ್ರಿ. ಒಲಿ ಸಾರಿಸಿದಂಗೇ ಆತು." ಅವ್ವ ಹೂಂ ಅನ್ನುವುದರಲ್ಲಿದ್ದಳು. ಬಾಯಿ ಅರ್ಧ ತೆರೆದಿದ್ದಳು.

ಅಷ್ಟರಲ್ಲಿ ಬಾಯಿ ಪೂರ್ತಿ ತೆರೆದವನು ನಾನು. ಹನ್ನೊಂದು ಪತ್ರಗಳು ಒಮ್ಮೆಲೇ ನೆತ್ತಿಗೇರಿ, ಹಲವು ಸಂಸಾರಗಳಿರುವ ನಮ್ಮ ವಾಡೆಯ ಪಡಸಾಲೆಯಲ್ಲಿ ನಿಂತು, ಎದುರುಮನೆಯ ಬಾಗಿಲುಗಳು ತೆರೆಯುವಷ್ಟು ದೊಡ್ಡ ದನಿಯಲ್ಲಿ, "ಅಂದ್ರ ಇಷ್ಟ ದಿನ ಈ ಒಲಿ ಕೆಡಿಸಿದಾಕಿ ನೀನ ಏನು! ನಾ ಕಂಪನಿಗೆ ಹುಚ್ಚರಂಗ ಬರಕೋತ ಕೂತೆ, ನೀ ಇಲ್ಲಿ ಅದಕ್ಕ ಮಣ್ಣು ತಿನ್ನಿಸಿದಿ!" ಎಂದುಬಿಟ್ಟೆ. ಮಹಾಲಿಂಗ ತಲೆ ತಗ್ಗಿಸಿ ಪಿನ್ನಿನಿಂದ ತೂತು ಚುಚ್ಚುತ್ತ ಕೂತ. ಅವ್ವ ನನ್ನ ಮುಖ ನೋಡಲಿಲ್ಲ. ಕೈ ತೊಳೆದಳು, ಕೆಮ್ಮಣ್ಣಿನ ಗಡಿಗೆ ಎತ್ತಿ ತುಳಸಿಕಟ್ಟೆಯ ಹಿಂದೆ ಇಟ್ಟು ಬಂದಳು, ಸೊಸೆಗೆ "ಇನ್ನ ಒಲಿ ನಿಮ್ದವಾ" ಎಂದಳು, ಹೊರಗಿನ ಕೋಣೆಯಲ್ಲಿ ಹೋಗಿ ಕೂತಳು. ಆ ದಿನ ಬದನೆಕಾಯಿ ಎರಡೂ ಮಗ್ಗುಲು ಬೆಣ್ಣೆಯಂತೆ ಸುಟ್ಟಿತ್ತು. ಬಜ್ಜಿ ತಿಂದವರು ನಾವು ಗಂಡ ಹೆಂಡತಿ ಇಬ್ಬರೇ.

ಅಂದಿನಿಂದ ಆಕೆಯ ಊಟ ತಣ್ಣೀರಿನಲ್ಲಿ ನೆನೆಸಿದ ಅವಲಕ್ಕಿ, ಬೆಲ್ಲ, ಒಂದು ಬಾಳೆಹಣ್ಣು. ಸಿಟ್ಟಿಲ್ಲ, ಅಳು ಇಲ್ಲ, ಉಪವಾಸದ ಬೆದರಿಕೆ ಇಲ್ಲ. ಹಾಕಿದ ಷರತ್ತಿಗೆ ತಪ್ಪಿ ನಡೆಯುತ್ತಿಲ್ಲ, ಅಷ್ಟೇ. ಅಂಬಾಬಾಯಿ ತಾನೇ ತಮ್ಮ ಕೆಳಗಿನ ಕಡಪಾ ಕಲ್ಲು ಸಾರಿಸಿ, ರಂಗೋಲಿ ಹಾಕಿ, ಅತ್ತೆಯ ಕೈಹಿಡಿದು ಕರೆತಂದು ತೋರಿಸಿದಳು. "ಛಂದ ಆಗೇದ. ಆದ್ರ ನಾ ಸಾರಿಸಿದ್ದಲ್ಲಲ್ಲ ಅದು. ನಾ ಮುಟ್ಟಿದ್ರ ನಿಮ್ಮ ಒಲಿ ಕೆಡ್ತದ" ಎಂದು ಹೊರಳಿದಳು. ಆಕೆಯ ಕುಪ್ಪಸದ ತೋಳು ಸಡಿಲಾಗಿದೆ, ಮಾನ್ಯರೇ. ಮಧ್ಯಾಹ್ನ ಎಲ್ಲರೂ ಅಡ್ಡಾದಾಗ ಆಕೆ ಎದ್ದು ಕೂತು, ಎರಡೂ ಅಂಗೈ ತೊಡೆಯ ಮೇಲಿಟ್ಟುಕೊಂಡು ಗೋಡೆ ನೋಡುತ್ತಾಳೆ. ಅದನ್ನು ನಾನು ಮಲಗಿದಂತೆ ನಟಿಸುತ್ತ ಐದು ಭಾನುವಾರಗಳಿಂದ ನೋಡುತ್ತಿದ್ದೇನೆ.

ಹೀಗಿರುವಾಗ ತಾವು ಮಾತ್ರ ದಿನದಿಂದ ದಿನಕ್ಕೆ ಆರೋಗ್ಯದಲ್ಲಿ ವೃದ್ಧಿಸುತ್ತ, ಒಂದೇ ಕಡ್ಡಿಗೆ ಹೊತ್ತಿಕೊಂಡು, ಅವ್ವನೇ ತಪ್ಪಿತಸ್ಥೆಯೆಂದು ದಿನಕ್ಕೆ ಮೂರು ಹೊತ್ತು ಇಡೀ ವಾಡೆಗೆ ಸಾರುತ್ತಿರುವುದು ಯಾವ ನ್ಯಾಯ? ಆದುದರಿಂದ ನನ್ನ ವಿನಂತಿಯೇನೆಂದರೆ, ತಾವು ದೊಡ್ಡ ಮನಸ್ಸು ಮಾಡಿ ಒಂದೇ ಒಂದು ಸಲ ಕೆಡಬೇಕು. ಕೆಮ್ಮಣ್ಣಿನ ಸೋಂಕಿಲ್ಲದೆ, ರಂಗೋಲಿಯ ಹಂಗಿಲ್ಲದೆ, ಸ್ವಂತ ಯೋಗ್ಯತೆಯಿಂದ ಕೆಡಬೇಕು. ಸಾಧ್ಯವಾದರೆ ಅವ್ವ ನೀರು ಕುಡಿಯಲು ಒಳಗೆ ಬಂದಾಗ, ಮಹಾಲಿಂಗನೂ ಹಾಜರಿರುವಾಗ ಆರಿಹೋಗಿ, "ತಪ್ಪು ಮೊದಲಿನಿಂದಲೂ ನನ್ನದೇ, ನಾನು ಹುಟ್ಟುವಾಗಲೇ ಹೀಗೆ" ಎಂದು ಮೂರು ಪ್ರತಿಗಳಲ್ಲಿ ಹೇಳಿಕೆ ಕೊಡಬೇಕು. ಅಥವಾ ಮಣ್ಣು ತಿಂದು ಜೀರ್ಣಿಸಿಕೊಳ್ಳುವುದನ್ನಾದರೂ ಕಲಿಯಬೇಕು. ಓಣಿಯ ಮಕ್ಕಳೆಲ್ಲ ತಿಂದು ಗಟ್ಟಿಮುಟ್ಟಾಗಿದ್ದಾರೆ. ನಿನ್ನೆ ನಾನೇ ಒಂದು ಚಿಟಿಕೆ ರಂಗೋಲಿ ಹಿಡಿದು ತಮ್ಮ ಕೊಳವೆಯ ಕಡೆ ಕೈಚಾಚಿದ್ದು ತಮಗೆ ಗೊತ್ತೇ ಇದೆ. ಅಂಬಾಬಾಯಿ "ಗ್ಯಾಸಿನ ಜೋಡಿ ಆಟ ಆಡ್ತೀರೇನ್ರಿ, ವಯಸ್ಸೇನು ನಿಮ್ದು!" ಎಂದು ಕೈಮೇಲೊಂದು ಕೊಟ್ಟು ಡಬ್ಬಿ ಕಸಿದುಕೊಂಡದ್ದರಿಂದ ಆ ಪ್ರಯತ್ನ ಅಲ್ಲಿಗೇ ನಿಂತಿತು.

ಈ ಮನವಿಯನ್ನು ತಾವು ಸಹಾನುಭೂತಿಯಿಂದ ಪರಿಶೀಲಿಸಿ, ಇಂದಿನ ರಾತ್ರಿಯ ಊಟದೊಳಗಾಗಿ ತಕ್ಕ ಅವ್ಯವಸ್ಥೆ ಮಾಡುವಿರೆಂದು ನಂಬಿ, ಕೈಮುಗಿದು ಮುಗಿಸುತ್ತೇನೆ.

ತಮ್ಮ ವಿಶ್ವಾಸಿ,
(ತಾವು ಕೆಟ್ಟರೆ ಮಾತ್ರ)
ಮಧುಕರ ಅಣ್ಣಿಗೇರಿ

ತಾ.ಕ.: ಸಹಿ ಹಾಕಿ ಮಸಿ ಆರಲೆಂದು ಊದುತ್ತಿರುವಾಗ, ಅವ್ವ ಹೊರಗಿನ ಕೋಣೆಯಿಂದಲೇ, "ಮುಂಜಾನಿಂದ ಯಾರಿಗೆ ಬರೀಲಿಕ್ಕತ್ತೀಯೋ?" ಎಂದು ಕೇಳಿದಳು. ಐದು ವಾರದಲ್ಲಿ ಆಕೆ ನನ್ನನ್ನು ಕೇಳಿದ ಮೊದಲ ಮಾತು ಅದು. ಸುಳ್ಳು ಹೊಳೆಯದೆ "ಒಲಿಗೆ" ಎಂದೆ. ಅವ್ವ ಅಂದಳು: "ಒಲಿಗೆ ಇಷ್ಟುದ್ದ ಬರದಿ. ನಿಮ್ಮವ್ವನ ಮುಂದ ಬಂದು ತಪ್ಪಾತು ಅನ್ನಲಿಕ್ಕೆ ಐದು ವಾರ ಸಾಲಲಿಲ್ಲೇನು?"

ಮಾನ್ಯರೇ, ಎದ್ದು ಹೋಗುತ್ತಿದ್ದೇನೆ. ತಮ್ಮ ನೆತ್ತಿಯ ಮೇಲೆ ಹಾಲು ಇಟ್ಟಿದೆ, ಉಕ್ಕದಂತೆ ನೋಡಿಕೊಳ್ಳಿ. ನಾನು ಬೇಗ ಬರುವವನಲ್ಲ.