ಬಂದ್ ಮಾಡಬಾರದ ಗಾಡಿ

ಸಿಂದಗಿಯ ಭೀಮಶ್ಯಾ ಮಾಸ್ತರನ ಮದುವೆ ಕೂಡಿಬರದಿರುವುದಕ್ಕೆ ಊರವರು ಗ್ರಹ, ಜಾತಕ, ಮೂಗು ಎಂದು ಏನೇನೋ ಕಾರಣ ಹೇಳುತ್ತಿದ್ದರು. ನಿಜವಾದ ಕಾರಣ ಅವನೊಬ್ಬನಿಗೇ ಗೊತ್ತಿತ್ತು. ಅದು ಬಸ್ಸು. ಹೋದ ವರ್ಷ ನಿಡಗುಂದಿಗೆ ಕನ್ಯೆ ನೋಡಲು ಹೋದಾಗ ಬಸ್ಸಿನ ಕಿಟಕಿಗೆ ಗಾಜಿರಲಿಲ್ಲ. ಇಳಿಯುವಷ್ಟರಲ್ಲಿ ಅವನ ತಲೆ, ಹುಬ್ಬು, ಮೀಸೆ ಎಲ್ಲ ಧೂಳು. ಬಾಗಿಲು ತೆಗೆದ ಹುಡುಗಿಯ ಅಜ್ಜಿ ಹಿಟ್ಟಿನ ಗಿರಣಿಯವನೆಂದು ತಿಳಿದು ಜೋಳದ ಡಬ್ಬಿ ತಂದು ಅವನ ಕೈಗಿತ್ತಿದ್ದಳು. ಆ ಸಂಬಂಧ ಡಬ್ಬಿಯ ಜೊತೆಗೇ ಮುಚ್ಚಿಹೋಯಿತು.

ಆದ್ದರಿಂದ ಇಂಡಿಯಿಂದ ಹೊಸ ಸಂಬಂಧ ಬಂದಾಗ, ಮಧ್ಯಸ್ಥಿಕೆ ಮಾಡುವ ಮಾಳಿಂಗಪ್ಪನಿಗೆ ಭೀಮಶ್ಯಾ ಬಿಗಿಯಾಗಿ ಹೇಳಿದ. "ಹುಡುಗ ಐತ್ವಾರ ಕಾರಿನಾಗ ಬರ್ತಾನ, ಜೋಡಿ ಒಬ್ಬಾಂವ ಇರ್ತಾನ, ಅಷ್ಟ ಹೇಳ್ರಿ ಕಾಕಾ. ಬ್ಯಾರೆ ಏನೂ ಹೇಳಬ್ಯಾಡ್ರಿ. ಉಳಿದದ್ದು ನನ್ನ ನೋಡಿದ ಮ್ಯಾಲ ಅವರಿಗೇ ತಿಳೀತೈತಿ."

ಮಾಳಿಂಗಪ್ಪ ಹೇಳಿದಷ್ಟನ್ನೇ ಹೇಳಿ, ತನ್ನ ಕೆಲಸಕ್ಕೆ ಆಲಮಟ್ಟಿಗೆ ಹೊರಟುಹೋದ.

ಕಾರು ಗೆಳೆಯ ಸಂಗಮೇಶನದು. ಕಾಳುಕಡಿ ವ್ಯಾಪಾರದ ಅಡತಿ ಅಂಗಡಿಯವರ ಒಬ್ಬನೇ ಮಗ. ಬಿಳಿ ಪ್ಯಾಂಟು, ಬಿಳಿ ಅಂಗಿ ಬಿಟ್ಟು ಬೇರೆ ತೊಟ್ಟವನಲ್ಲ. ಭೀಮಶ್ಯಾ ಮಾತ್ರ ನಿಡಗುಂದಿಯ ಧೂಳು ಮರೆತಿರಲಿಲ್ಲ. ಮತ್ತೆ ಹಾರಿ ಬಂದು ಕೂತರೂ ಕಾಣಬಾರದೆಂದು ಖಾಕಿ ಬಣ್ಣದ ಸಫಾರಿಯನ್ನೇ ಹೊಲಿಸಿಕೊಂಡಿದ್ದ. ಅಪ್ಪನ ಟ್ರ್ಯಾಕ್ಟರ್ ಮೇಲೆ ಕಲಿತ ಡ್ರೈವಿಂಗ್ ಇತ್ತು. ಹುಡುಗಿ ಮನೆಯವರ ಎದುರಿಗೆ ತಾನೇ ಕಾರು ಹೊಡೆದುಕೊಂಡು ಹೋಗಿ ಇಳಿಯಬೇಕೆಂಬುದು ಅವನ ಆಸೆ.

"ಹೊಡಿಯೋದು ನೀನ ಹೊಡಿ. ಆದ್ರ ಒಂದು ಮಾತು," ಎಂದ ಸಂಗಮೇಶ. "ಸೆಲ್ಫ್ ಹಿಡಿಯಂಗಿಲ್ಲ. ಬ್ಯಾಟರಿ ಕುಂತೈತಿ. ನೂಕಿದ್ರ ಚಾಲೂ ಆಗತೈತಿ. ಆದ ಮ್ಯಾಲ ಅಕ್ಸಿಲೇಟರ್ ಮ್ಯಾಲಿನ ಕಾಲು ತಗದಿ ಅಂದ್ರ ಬಂದ್. ಬಂದ್ ಆತು ಅಂದ್ರ ಮತ್ತ ನೂಕು."

"ಕನ್ಯಾದವರ ಮನಿ ಮುಂದ ನೂಕೋದ? ಮುಗದ ಹೋತು ನನ್ನ ಮರ್ಯಾದಿ!"

"ಅದಕ್ಕ ಬಂದ್ ಮಾಡೋದು ಬ್ಯಾಡ. ನಾ ಮೊದಲ ಒಳಗ ಹೋಗಿ ರಾಮರಾಮ ಹೇಳಿ ಐದು ನಿಮಿಷದಾಗ ಬಂದು ನಿನ್ನ ಜಾಗಾದಾಗ ಕುಂದರ್ತೇನಿ. ಆಮ್ಯಾಲ ನೀ ಹೋಗು, ಆರಾಮ ಕನ್ಯಾ ನೋಡು."

ಉಪಾಯ ಚೆನ್ನಾಗಿಯೇ ಇತ್ತು. ಸಿಂದಗಿಯಲ್ಲಿ ಅಂಗಡಿಯ ಹಮಾಲರು ನೂಕಿದರು, ಕಾರು ಕೆಮ್ಮಿ ಎದ್ದು ಕೂತಿತು. ದಾರಿಯುದ್ದಕ್ಕೂ ಭೀಮಶ್ಯಾ ಎತ್ತು ಅಡ್ಡ ಬಂದರೂ ಅಕ್ಸಿಲೇಟರ್ ಬಿಡಲಿಲ್ಲ.

ಇಂಡಿಯಲ್ಲಿ ಹುಡುಗಿಯ ತಂದೆ ಶ್ರೀಶೈಲಪ್ಪ ಓಣಿಯ ಬಾಯಿಗೇ ಬಂದು ಕಾದಿದ್ದರು. ಕಾರು ನಿಂತಿತು, ಎಂಜಿನ್ ನಿಲ್ಲಲಿಲ್ಲ. ಸಂಗಮೇಶ ಇಳಿದ. ಶ್ರೀಶೈಲಪ್ಪ ಎರಡೂ ಕೈ ಜೋಡಿಸಿ, "ಬರ್ರಿ ಬರ್ರಿ, ಬಿಸಲಾಗ ಭಾಳ ತ್ರಾಸ ಆಗಿರಬೇಕು" ಎಂದು ಅವನನ್ನು ಒಳಗೆ ಕರೆದರು. ಹೋಗುತ್ತ ಭೀಮಶ್ಯಾನ ಕಡೆ ತಿರುಗಿ, "ತಮ್ಮಾ, ಆ ಬೇವಿನ ಗಿಡದ ನೆಳ್ಳಿಗೆ ನಿಂದರಸು" ಎಂದರು. ಬಂದೊಡನೆ ಏಕವಚನ! ಆಗಲೇ ಮನೆಮಗನಂತೆ ಮಾತಾಡಿಸಿದರಲ್ಲ ಎಂದು ಭೀಮಶ್ಯಾನಿಗೆ ಕಣ್ಣು ತುಂಬಿ ಬಂತು.

ಐದು ನಿಮಿಷ ಹೋಯಿತು. ಹತ್ತಾಯಿತು. ಒಳಗಿನಿಂದ ಒಗ್ಗರಣೆಯ ವಾಸನೆ ಬಂತು, ನಗು ಬಂತು, ಸಂಗಮೇಶ ಬರಲಿಲ್ಲ. ಕರೆಯೋಣವೆಂದು ಹಾರ್ನ್ ಒತ್ತಿದರೆ ಇದ್ದ ಕರೆಂಟೆಲ್ಲ ಹಾರ್ನ್‌ಗೇ ಹೋಗಿ ಎಂಜಿನ್ ಕುಂಯ್ ಎಂದು ಸಾಯಲು ನೋಡಿತು. ಭೀಮಶ್ಯಾ ಗಾಬರಿಯಾಗಿ ಅಕ್ಸಿಲೇಟರ್ ತುಳಿದ. ಹಿಂದಿನಿಂದ ಕರಿಹೊಗೆ ಗಪ್ಪನೆ ಎದ್ದಿತು.

ಹೊಗೆ ಹೋಗಿ ಇಳಿದದ್ದು ಎದುರುಮನೆಯ ಗೌಸಬಿಯ ಶಾವಿಗೆಯ ಮೇಲೆ. ಪಾಪ, ಬೆಳಗಿನಿಂದ ಹೊಸೆದು ಕೋಲಿನ ಮೇಲೆ ಎಳೆಎಳೆಯಾಗಿ ಒಣಹಾಕಿದ್ದಳು.

"ಏ ತಮ್ಮಾ, ಕಣ್ಣು ಅದಾವೋ ಇಲ್ಲೋ? ಬಂದ್ ಮಾಡು ನಿನ್ನ ಗಾಡಿ!"

"ಬಂದ್ ಮಾಡಾಕ ಬರೂದಿಲ್ರಿ ಅಮ್ಮಾ."

"ಬರೂದಿಲ್ಲಾ? ಗಾಡಿ ಹೊಡಿಯಾಕ ಬರ್ತೈತಿ, ಬಂದ್ ಮಾಡಾಕ ಬರೂದಿಲ್ಲಾ? ಎಂಥಾ ಶ್ಯಾಣ್ಯಾ ಅದಿಯಪ್ಪಾ ನೀನು!"

"ಹಂಗಲ್ರಿ, ಒಳಗ ಅವರು..." ಎನ್ನುವಷ್ಟರಲ್ಲಿ ಗೌಸಬಿ ಕಿಟಕಿಯೊಳಗೆ ಕೈ ಹಾಕಿ ಕೀಲಿಕೈ ತಿರುವಿಯೇ ಬಿಟ್ಟಳು. "ಅಷ್ಟ ನೋಡು. ಏನು ದೊಡ್ಡ ವಿದ್ಯಾ ಐತಿ ಅದರಾಗ?"

ಎಂಜಿನ್ ತಣ್ಣಗಾಯಿತು. ಭೀಮಶ್ಯಾ ಅದಕ್ಕಿಂತ ಮೊದಲೇ ತಣ್ಣಗಾಗಿದ್ದ.

ಅವನ ಮುಖ ನೋಡಿ ಗೌಸಬಿಗೆ ಕನಿಕರ ಬಂತು. ಒಳಗೆ ಹೋಗಿ ಒಂದು ಗ್ಲಾಸು ಚಹಾ ತಂದುಕೊಟ್ಟಳು. ಬೆನ್ನಿಗೇ ಅವಳ ಮಗ ಇಸ್ಮಾಯಿಲ ನಟ್ಟು ಬಿಚ್ಚುವ ಪಾನಾ ಹಿಡಿದುಕೊಂಡು ಬಂದ. ನೀರೆತ್ತುವ ಡೀಸೆಲ್ ಎಂಜಿನ್ ಬಿಚ್ಚಿ ಅಭ್ಯಾಸವಿದ್ದವನು. ಬಿಚ್ಚಿದ್ದನ್ನು ಜೋಡಿಸಿದ ಉದಾಹರಣೆ ಮಾತ್ರ ಓಣಿಯಲ್ಲಿ ಯಾರಿಗೂ ನೆನಪಿರಲಿಲ್ಲ.

"ಬಾನೆಟ್ ಎತ್ತು. ನೋಡು, ಟರ್ಮಿನಲ್ ಮ್ಯಾಲ ಎಷ್ಟು ಬಿಳೀ ಬೂದಿ! ಹಿಂಗಿದ್ರ ಸೆಲ್ಫಿಗೆ ಕರೆಂಟ್ ಎಲ್ಲಿಂದ ಬರಬೇಕು? ಬಿಸಿನೀರು ಹಾಕಬೇಕು ಇದಕ್ಕ."

ಬಿಸಿನೀರು ಇರಲಿಲ್ಲ. ಭೀಮಶ್ಯಾನ ಕೈಯಲ್ಲಿ ಚಹಾ ಇತ್ತು. ತುಟಿಗೆ ಮುಟ್ಟಿಸುವ ಮೊದಲೇ ಇಸ್ಮಾಯಿಲ ಗ್ಲಾಸು ಕಸಿದು ಬ್ಯಾಟರಿಗೆ ಸುರಿದ. "ಬಿಸಿ ಇದ್ರ ಸಾಕು, ಚಹಾ ಆದ್ರೇನು, ನೀರಾದ್ರೇನು."

ಕೀಲಿಕೈ ತಿರುವಿದರೆ 'ಕಟ್' ಎಂದಿತು. ಅಷ್ಟು ಹೊತ್ತು ಸತ್ತಂತಿದ್ದದ್ದು ಕಟ್ ಎಂದದ್ದೇ ಇಸ್ಮಾಯಿಲನಿಗೆ ಹುರುಪು ತಂದಿತು. ಒಂದೊಂದಾಗಿ ಪ್ಲಗ್ ಬಿಚ್ಚಿದ, ಕರಿ ಒರೆಸಲು ಭೀಮಶ್ಯಾನ ಕೈಗೆ ಕೊಟ್ಟ. ಪ್ಲಗ್ಗಿನ ಕರಿ ಕೈಗೆ ಬಂತು, ಕೈಯಿಂದ ಬೆವರು ಒರೆಸಿಕೊಂಡಾಗ ಹಣೆಗೆ ಹೋಯಿತು, ನೊಣ ಓಡಿಸಿಕೊಂಡಾಗ ಮೂಗಿಗೂ ಹತ್ತಿತು. ಪ್ಲಗ್ಗುಗಳೇನೋ ಹೇಗೋ ಒಳಗೆ ಹೋದವು. ಗಾಡಿ ಮಾತ್ರ ಕಟ್ ಎನ್ನುವುದರ ಮುಂದೆ ಒಂದಕ್ಷರ ಮಾತಾಡಲಿಲ್ಲ.

ಆ ಹೊತ್ತಿಗೆ ಸಂಗಮೇಶ, ಶ್ರೀಶೈಲಪ್ಪ ಹೊರಗೆ ಬಂದರು. ಸಂಗಮೇಶನ ಬಾಯಲ್ಲಿ ಇನ್ನೂ ಚುರಮುರಿ ಸುಸಲಾ ಇತ್ತು. ಅವರ ಹಿಂದೆ ಬಾಗಿಲಲ್ಲಿ ಹಸಿರು ಸೀರೆಯ ಹುಡುಗಿ ವಿಜಯಲಕ್ಷ್ಮಿ ನಿಂತಿದ್ದಳು. ನೋಡಿದೊಡನೆ ಭೀಮಶ್ಯಾನ ಎದೆ ಸೆಲ್ಫ್ ಇಲ್ಲದೆಯೇ ಚಾಲೂ ಆಯಿತು. ಅವಳು ಇವನ ಕರಿಮುಖ ನೋಡಿ ಸೆರಗಿನಲ್ಲಿ ನಕ್ಕಳು. ನಗುವ ಹುಡುಗಿ ಬೇಡ ಎನ್ನುವುದಿಲ್ಲ ಎಂದು ಅವನು ಧೈರ್ಯ ತಂದುಕೊಂಡ.

"ಏನಾತೋ?" ಎಂದ ಸಂಗಮೇಶ, ಬಾಯಿ ಖಾಲಿಯಾದ ಮೇಲೆ.

"ಐದು ನಿಮಿಷ ಅಂದಿದ್ದಿ!" ಭೀಮಶ್ಯಾ ಹಲ್ಲು ಕಡಿದ.

"ಏಳಾಕ ಬಿಡಲಿಲ್ಲೋ. ಬಾಯಿ ತಗದಾಗೊಮ್ಮೆ ಮತ್ತೊಂದು ತುತ್ತು ಹಾಕ್ತಿದ್ರು. ಹೌದು, ಇಲ್ಲ ಅಂತ ಗೋಣು ಹಾಕೋದೂ ಕಷ್ಟ ಆತು."

"ನೂಕದ ಹೊರತು ದಾರಿ ಇಲ್ಲ," ಎಂದು ಇಸ್ಮಾಯಿಲ ತೀರ್ಪು ಕೊಟ್ಟ. ಸಂಗಮೇಶನ ಬಿಳಿ ಅಂಗಿ ನೋಡಿ, "ನೀವು ಸ್ಟೇರಿಂಗ್ ಹಿಡೀರಿ ಸಾವಕಾರ್ರ. ತಮ್ಮಾ, ನಿನ್ನ ಕೈ ಹೆಂಗೂ ಕರ್ರಗ ಆಗ್ಯಾವ, ನೀ ನೂಕು ಬಾ" ಎಂದ.

ಯಾವುದಕ್ಕೆ ಹೆದರಿ ಇಷ್ಟು ಹೊತ್ತು ಕುಲುಮೆಯಂಥ ಕಾರಿನಲ್ಲಿ ಬೆಂದಿದ್ದನೋ ಅದೇ ಬಂದಿತ್ತು. ಭೀಮಶ್ಯಾ ಕಾರಿನ ಬೆನ್ನಿಗೆ ಕೈ ಕೊಟ್ಟ. ಆ ಕಡೆ ಇಸ್ಮಾಯಿಲ, ಈ ಕಡೆ ಸ್ವತಃ ಶ್ರೀಶೈಲಪ್ಪ ಧೋತರ ಎತ್ತಿ ಕಟ್ಟಿ ನಿಂತರು. ಮಾವನೇ ತನ್ನ ಪಕ್ಕದಲ್ಲಿ ಹೆಗಲು ಕೊಟ್ಟದ್ದು ನೋಡಿ ಭೀಮಶ್ಯಾನ ನಾಚಿಕೆಯೆಲ್ಲ ಹಾರಿಹೋಯಿತು. ಇಂಥ ಮಾವ ಯಾರಿಗೆ ಸಿಗುತ್ತಾನೆ!

"ಹುಡುಗಿ ಏನಂದ್ಳ್ರಿ?" ಎಂದು ಏದುಸಿರಿನಲ್ಲೇ ಕೇಳಿದ.

"ಒಪ್ಪ್ಯಾಳ! ಮನ್ಯಾಗ ಎಲ್ಲಾರೂ ಒಪ್ಪೀವಿ!" ಶ್ರೀಶೈಲಪ್ಪನವರ ದನಿಯಲ್ಲಿ ಸಂತೋಷ ಉಕ್ಕುತ್ತಿತ್ತು. "ಜೋರ ನೂಕೋ ತಮ್ಮಾ, ನಮ್ಮ ಅಳಿಯಾ ಕುಂತಾರ ಗಾಡ್ಯಾಗ!"

ಭೀಮಶ್ಯಾನ ಕೈ ಸಡಿಲಾಯಿತು. ಆದರೆ ಕಾರು ಅದೇ ಗಳಿಗೆಗೆ ಕೆಮ್ಮಿ, ಹೊಗೆಯನ್ನೆಲ್ಲ ಅವನ ಮುಖಕ್ಕೆ ಉಗುಳಿ, ಗುರ್ರೆಂದು ಮುಂದೆ ಓಡಿತು.

"ನಿಂದರೋ ಸಂಗ್ಯಾ!"

"ಈಗ ನಿಂತ್ರ ಬಂದ್ ಆಗತೈತೋ, ಎಂಜಿನ್ ಇನ್ನೂ ಕೆಮ್ಮಾಕತ್ತೈತಿ!" ಸಂಗಮೇಶ ಕಿಟಕಿಯಿಂದ ಕೈ ಬೀಸಿದ. ಕಾರು ಓಣಿ ದಾಟಿ ಸಿಂದಗಿಯ ದಾರಿ ಹಿಡಿಯಿತು.

"ರೀ, ವರಾ ನಾನ್ರಿ! ಕನ್ಯಾ ನೋಡಾಕ ಬಂದಾಂವ ನಾನು!"

ಶ್ರೀಶೈಲಪ್ಪ ಅವನ ಖಾಕಿ ಸಫಾರಿಯನ್ನೂ ಕರಿಮೂಗನ್ನೂ ನೋಡಿ ಮನಸಾರೆ ನಕ್ಕರು. "ಭಾಳ ಚಾಷ್ಟಿ ಮಾಡ್ತಿ ನೀನು. ಕನ್ಯಾ ನೋಡಾಕ ಬಂದಾಂವ ಯಾವನರೆ ಒಳಗ ಬರದ ಗಾಡ್ಯಾಗ ಕುಂದರ್ತಾನೇನು? ಆದ್ರೂ ಮೆಚ್ಚಿದೆ. ಇಂಥಾ ಬಿಸಲಾಗ ಗಾಡಿ ಬಿಟ್ಟು ಕದಲಲಿಲ್ಲ. ಲಗ್ನದಾಗ ಅಳಿಯಾನ ಗಾಡಿ ನೀನ ಹೊಡೀಬೇಕು ನೋಡು."

ಭೀಮಶ್ಯಾ ಬಾಗಿಲ ಕಡೆ ನೋಡಿದ. ಹಸಿರು ಸೀರೆ ಕಾರು ಹೋದ ದಾರಿಯನ್ನೇ ನೋಡುತ್ತಿತ್ತು. ಅವನಿಗೆ ಅಳು ಬಂತು. ಅತ್ತರೆ ಕರಿ ಮುಖದ ತುಂಬ ಹರಡೀತೆಂದು ತಡೆದುಕೊಂಡ.

ಬಸ್ ಸ್ಟ್ಯಾಂಡಿನವರೆಗೆ ಇಸ್ಮಾಯಿಲ ಸೈಕಲ್ಲಿನ ಮೇಲೆ ಬಿಟ್ಟುಬರುತ್ತೇನೆಂದ. ಹೊರಡುವಾಗ ಗೌಸಬಿ ಓಡಿಬಂದು ಹೊಗೆ ಹಿಡಿದ ಶಾವಿಗೆಯದೊಂದು ಗಂಟು ಅವನ ಕೈಗಿತ್ತಳು.

"ತಗೋ ಮಗಾ, ಸಿಟ್ಟಿನ್ಯಾಗ ಬೈದ್ನಿ. ಹೆಂಡ್ತಿ ಕೈಯಾಗ ಕೊಡು, ಪಾಯಸಾ ಮಾಡಿ ಹಾಕ್ತಾಳ."

ಸಿಂದಗಿಯ ಬಸ್ಸು ತುಂಬಿತ್ತು. ಒಂದೇ ಒಂದು ಸೀಟು ಖಾಲಿ ಇತ್ತು, ಕಿಟಕಿಯ ಪಕ್ಕದ್ದು. ಭೀಮಶ್ಯಾ ಗಂಟನ್ನು ತೊಡೆಯ ಮೇಲಿಟ್ಟುಕೊಂಡು ಕೂತ. ಕಿಟಕಿಗೆ ಗಾಜಿರಲಿಲ್ಲ.