ಹಗ್ಗದ ತುದಿಯಲ್ಲಿ ಹಂಫ್ರಿ

ಎಲ್ಲದಕ್ಕೂ ಕಾರಣ ಒಂದು ಗುಟುಕು ಎಂಜಲು.

ಹುಟ್ಟುಹಬ್ಬಕ್ಕೆ ಮಗಳು ಡ್ಯಾಫ್ನಿ ಹಂಫ್ರಿಗೆ ಕೊಟ್ಟದ್ದು ವಂಶ ಪತ್ತೆಹಚ್ಚುವ ಡಬ್ಬಿ. ಅದರ ಟ್ಯೂಬಿಗೆ ಉಗುಳಿ ಕಳಿಸಿದರೆ ನಮ್ಮ ಹಿರಿಯರು ಯಾವ ನೆಲದವರೆಂದು ಕಂಪನಿಯವರು ಹೇಳುತ್ತಾರಂತೆ. ಉಗುಳುವ ಮುಂಚೆ ಅರ್ಧ ಗಂಟೆ ಟೀ ಕುಡಿಯಬಾರದು ಎಂದಾಗಲೇ ಅವನಿಗೆ ಇದು ಕೇಡಿನ ವಿದ್ಯೆ ಅನಿಸಿತ್ತು. ಅಂತೂ ಉಗುಳಿದ. ಹೆಂಡತಿ ಮೇವಿಸ್ ಅಂಚೆಗೆ ಹಾಕಿದಳು.

ಉತ್ತರ ಬಂದದ್ದು ಹಗ್ಗಜಗ್ಗಾಟದ ದಿನವೇ. ಊರಿನ ಹೊಳೆಯೇ ಗಡಿ: ಈಚೆ ಇಂಗ್ಲೆಂಡ್, ಆಚೆ ವೇಲ್ಸ್. ವರ್ಷಕ್ಕೊಮ್ಮೆ ಹೊಳೆಗೆ ಅಡ್ಡಲಾಗಿ ಹಗ್ಗ ಹಾಕಿ ಎಳೆಯುತ್ತಾರೆ; ಸೋತವರು ನೀರಿಗೆ. ಈಚೆ ದಂಡೆಯಲ್ಲಿ ಹಗ್ಗದ ತುದಿಯನ್ನು ಸೊಂಟಕ್ಕೆ ಸುತ್ತಿಕೊಂಡು ನಿಲ್ಲುವವನು ಹಂಫ್ರಿ. ಅವನಪ್ಪ ನಿಂತ ಜಾಗ ಅದು. ಆ ಬೆಳಿಗ್ಗೆ ಅವನಿಗೆ ಕೂತಲ್ಲಿ ಕೂರಲಾಗಲಿಲ್ಲ, ನಿಂತಲ್ಲಿ ನಿಲ್ಲಲಾಗಲಿಲ್ಲ. ಬ್ರೆಡ್ಡಿಗೆ ಹಿಟ್ಟು ನಾದುತ್ತಿದ್ದ ಮೇವಿಸ್, "ನೀನು ಹೊರಗೆ ಹೋದ್ರೆ ಈ ಹಿಟ್ಟಾದ್ರೂ ಉಬ್ಬುತ್ತೆ" ಎಂದು ಅಟ್ಟಿದಳು.

ಪಬ್ಬಿನ ಅಂಗಳದಲ್ಲಿ ಡ್ಯಾಫ್ನಿ ಫೋನು ನೋಡಿ ಕೂಗಿದಳು: "ಅಪ್ಪಾ! ನೀನು ಮುಕ್ಕಾಲು ಪಾಲು ವೇಲ್ಸಿನವನು! ಉಳಿದದ್ದು ಐರ್ಲೆಂಡು, ಡೆನ್ಮಾರ್ಕು. ಇಂಗ್ಲೆಂಡು ಉಪ್ಪಿನಕಾಯಿಯಷ್ಟು!"

ಪಬ್ಬಿನ ಯಜಮಾನ ಹಬರ್ಟ್ ತಂಡದ ನಾಯಕನೂ ಹೌದು. ಅವನ ಮುಖ ಆರಿದ ಗ್ರೇವಿಯಂತೆ ಹೆಪ್ಪುಗಟ್ಟಿತು.

"ಅದಕ್ಕೇ ಹೋದ ವರ್ಷ ನಾವು ಬಿದ್ದಿದ್ದು!"

"ಕಾಲು ಜಾರಿತ್ತು ಕಣೋ."

"ಕಾಲಲ್ಲ, ರಕ್ತ ಜಾರಿದ್ದು. ನಡಿ ಆಚೆ."

"ನಿಮ್ಮಜ್ಜಿ ಯಾವೂರೋಳು, ಹಬರ್ಟ್?"

"ನಾನು ಉಗುಳಿಲ್ಲಪ್ಪ. ಉಗುಳದೇ ಇರೋನು ಶುದ್ಧ."

ಹಂಫ್ರಿ ತಿರುತಿರುಗಿ ನೋಡುತ್ತ ಸೇತುವೆ ದಾಟಿದ. ಆಚೆಯ ನಾಯಕ ಎಮ್ರಿಸ್ ಬಾಚಿ ತಬ್ಬಿಕೊಂಡ.

"ಬಾರಯ್ಯಾ ತಮ್ಮ! ಆ ಕುತ್ತಿಗೆ ನೋಡ್ದಾಗ್ಲೆಲ್ಲ ಅಂದ್ಕೋತಿದ್ದೆ, ಇದು ನಮ್ಮ ಕುತ್ತಿಗೇನೇ ಅಂತ. ಹಿಡಿ, ತುದಿ ನಿಂದು!"

ಸೀಟಿ ಮೊಳಗಿತು. ಹಂಫ್ರಿ ಸಿಟ್ಟನ್ನೆಲ್ಲ ಸೊಂಟಕ್ಕೆ ತಂದು ಎಳೆದ. ಹಬರ್ಟ್ ಮತ್ತವನ ಪಡೆಯವರು, ತೊಳೆಯಲು ತಳ್ಳಿದ ಕುರಿಗಳಂತೆ, ಸಾಲಾಗಿ ನೀರಿಗೆ ಬಿದ್ದರು. ವೇಲ್ಸಿನವರು ಹಾಡತೊಡಗಿದರು. ಪದ ಗೊತ್ತಿಲ್ಲದ ಹಂಫ್ರಿ ಸುಮ್ಮನೆ ತುಟಿಯಾಡಿಸಿದ. ಬೆಳಗಿನಿಂದ ಚಡಪಡಿಸುತ್ತಿದ್ದ ಕಾಲುಗಳು ಈಗಷ್ಟೇ ನೆಲ ಕಂಡಿದ್ದವು.

ಅಷ್ಟರಲ್ಲಿ ಬ್ರೆಡ್ಡಿನ ಬುಟ್ಟಿ ಹೊತ್ತ ಮೇವಿಸ್ ಸೇತುವೆಯ ಮೇಲೆ ಕಾಣಿಸಿದಳು.

"ಅಲ್ಲಾ ಹಂಫ್ರಿ, ಆ ದಂಡೇಲಿ ನಿಂಗೇನು ಕೆಲಸ?"

"ನಾನು ವೇಲ್ಸಿನವನಂತೆ ಕಣೇ. ಎಂಜಲು ಹೇಳ್ತು."

"ನಿನ್ನ ಎಂಜಲಾ? ಕದ್ದು ಟೀ ಕುಡಿದು ಉಗುಳಿದ್ದೆ, ಟ್ಯೂಬೆಲ್ಲ ಕಂದು ಬಣ್ಣ. ಮಗಳು ಬೇಜಾರು ಮಾಡ್ಕೋತಾಳೆ ಅಂತ ಅದನ್ನ ಚೆಲ್ಲಿ ನಾನೇ ಉಗುಳಿ ಕಳಿಸ್ದೆ!"

ಹಾಡು ನಿಂತಿತು. ಹೆಗಲ ಮೇಲಿದ್ದ ಎಮ್ರಿಸ್‌ನ ಕೈ ಬೆನ್ನಿಗಿಳಿಯಿತು; ಮರುಕ್ಷಣ ಹಂಫ್ರಿ ಹೊಳೆಯಲ್ಲಿದ್ದ.

"ಬಾ ಬಾ," ಎಂದ ಹಬರ್ಟ್, ಎದೆಮಟ್ಟ ನೀರಿನಲ್ಲಿ ನಿಂತು ಸೀನುತ್ತ. "ಮುಂದಿನ ವರ್ಷ ನಿನ್ನ ಜಾಗ ನಿಂಗೇ." ಎಂದವನೇ ಒದ್ದೆ ಹಗ್ಗದ ತುದಿಯನ್ನು ಅವನ ಸೊಂಟಕ್ಕೆ ಸುತ್ತಿದ. ಹಂಫ್ರಿಗೆ ಅಳು ಬರುವಷ್ಟು ಸಂತೋಷವಾಯಿತು.

ದಂಡೆಯ ಮೇಲೆ ಎಮ್ರಿಸ್ ಟೋಪಿ ತೆಗೆದು ಬಾಗಿದ್ದ. "ಅಕ್ಕಾ, ಹಾಗಾದ್ರೆ ನೀವು ನಮ್ಮೋರು. ಈ ತುದಿ ಇನ್ಮೇಲೆ ನಿಮ್ದು."

ಮೇವಿಸ್ ಸೇತುವೆಯಿಂದ ಇಳಿದು ಬಂದು, ಬುಟ್ಟಿ ಕೆಳಗಿಟ್ಟು, ಮದುವೆಯಾದಂದಿನಿಂದ ಹಿಟ್ಟು ನಾದಿದ ಕೈಗಳ ಅಂಗಿತೋಳು ಮೇಲೇರಿಸಿ, ಹಗ್ಗ ಸುತ್ತಿಕೊಂಡಳು.

"ಹೀಗಾ ಎಳೆಯೋದು?" ಎಂದು ಸುಮ್ಮನೆ ಒಮ್ಮೆ ಜಗ್ಗಿದಳು.

ಆಗಷ್ಟೇ ಎದ್ದು ನಿಂತಿದ್ದ ಹಂಫ್ರಿ ಮತ್ತೆ ಮುಳುಗಿದ.